ಮೊಣಕಾಲಿನಿಂದ ಮೇಲಕ್ಕೆ: ನಾಲ್ಕು ಕಾಲಿನ ನಡೆಯುವ ವಾಹನವನ್ನು ಲೆಗೊ ಇಟ್ಟಿಗೆಗಳಲ್ಲಿ ಕಟ್ಟುವ ಕ್ರಮ

ವೈಜ್ಞಾನಿಕ ಕಲ್ಪನೆಯ ಕಥೆಗಳಲ್ಲಿ ಚಕ್ರವಿಲ್ಲದೆ ಕಾಲುಗಳ ಮೇಲೆ ಸಾಗುವ ವಾಹನಗಳನ್ನು ಕಂಡವರು ಅಂಥದ್ದೊಂದನ್ನು ಲೆಗೊ ಇಟ್ಟಿಗೆಗಳಲ್ಲಿ ಕಟ್ಟಲು ಹೊರಟರೆ ಸಾಮಾನ್ಯವಾಗಿ ಮೊದಲು ತಲೆಯನ್ನು ಕಟ್ಟುತ್ತಾರೆ, ಆಮೇಲೆ ಹೊಟ್ಟೆಯನ್ನು, ಕೊನೆಗೆ ಉಳಿದ ಭಾಗಗಳಲ್ಲಿ ಕಾಲುಗಳನ್ನು. ನಾನೂ ಹಾಗೆಯೇ ಮಾಡಿದ್ದೆ. ಕಾರವಾರದ ಮನೆಯ ಕಪಾಟಿನ ಮೇಲೆ ರಾತ್ರಿ ನೆಟ್ಟಗೆ ನಿಲ್ಲಿಸಿದ್ದ ನನ್ನ ಮೊದಲ ಮಾದರಿ ಬೆಳಗಾಗುವಷ್ಟರಲ್ಲಿ ಮುಂಗಾಲುಗಳನ್ನು ಮಡಚಿ, ನೀರು ಕುಡಿಯಲು ಬಗ್ಗಿದ ಎಮ್ಮೆಯಂತೆ ಮೂತಿಯನ್ನು ಹಲಗೆಗೆ ಊರಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಮೊಣಕಾಲಿಗೆ ಹಾಕಿದ್ದ ಪಿನ್ನುಗಳ ಬಿಗಿ ಹೊಟ್ಟೆಯ ಭಾರಕ್ಕೆ ಸಾಲದೆ, ಇಡೀ ರಾತ್ರಿ ಒಂದಿಷ್ಟೊಂದಿಷ್ಟೇ ಜಾರಿತ್ತು. ಆದ್ದರಿಂದ ಈ ಬರಹದಲ್ಲಿ ಕೆಲಸ ಕಾಲಿನಿಂದ ಆರಂಭವಾಗುತ್ತದೆ. ಇಲ್ಲಿ ವಿವರಿಸುವ ಕಾಲು ಪಿನ್ನಿನ ಬಿಗಿಯನ್ನು ನಂಬುವುದಿಲ್ಲ, ತ್ರಿಕೋನವನ್ನು ನಂಬುತ್ತದೆ.

ಲೆಗೊ ಕಂಪನಿ ಮಾರಿದ ಇಂಥ ವಾಹನಗಳಲ್ಲಿ ಅತಿ ದೊಡ್ಡದಾದ, 2021ರ ನಾಲ್ಕು ಕಾಲಿನ ಮಾದರಿಯಲ್ಲಿ 6,785 ಭಾಗಗಳಿವೆ. ನಮ್ಮದಕ್ಕೆ ಅಷ್ಟರ ಅಗತ್ಯವಿಲ್ಲ. ಕಾಲುಗಳು ಮತ್ತು ಚೌಕಟ್ಟು ಸೇರಿ 158 ಭಾಗಗಳಲ್ಲಿ ಮುಗಿಯುತ್ತವೆ; ಮೇಲಿನ ಒಡಲಿಗೆ ಇನ್ನು ನೂರೈವತ್ತೋ ಇನ್ನೂರೋ ಸಾಮಾನ್ಯ ಇಟ್ಟಿಗೆಗಳು ಸಾಕು. ಕಟ್ಟಿ ಮುಗಿಸಿದಾಗ ಮಾದರಿ ಸುಮಾರು ಇಪ್ಪತ್ತು ಸೆಂಟಿಮೀಟರ್ ಎತ್ತರವಿರುತ್ತದೆ.

ಅಳತೆ

ಲೆಗೊದಲ್ಲಿ ಎರಡು ಬಗೆಯ ಅಳತೆಗಳು ಒಟ್ಟಿಗೆ ನಡೆಯುತ್ತವೆ, ಇವೆರಡರ ಸಂಬಂಧ ತಿಳಿಯದೆ ಗಟ್ಟಿಯಾದ ಚೌಕಟ್ಟು ಕಟ್ಟಲಾಗದು. ಇಟ್ಟಿಗೆಯ ಮೇಲಿನ ಗುಬುಟುಗಳು, ಅಂದರೆ ಸ್ಟಡ್‌ಗಳು, ಒಂದರಿಂದೊಂದು 8 ಮಿಲಿಮೀಟರ್ ದೂರದಲ್ಲಿರುತ್ತವೆ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಪ್ಲೇಟಿನ ಎತ್ತರ ಅದರ ಮೂರನೆಯ ಒಂದು ಪಾಲು, ಅಂದರೆ 3.2 ಮಿಲಿಮೀಟರ್. ಹೀಗಾಗಿ ಐದು ಪ್ಲೇಟುಗಳ ಎತ್ತರವು ಎರಡು ಸ್ಟಡ್‌ಗಳ ಅಗಲಕ್ಕೆ ಸರಿಯಾಗಿ ಸಮ, 16 ಮಿಲಿಮೀಟರ್. 1977ರಲ್ಲಿ ಆರಂಭವಾದ ಟೆಕ್ನಿಕ್ ಸರಣಿಯ ಭಾಗಗಳಿಗೆ, ಅಂದರೆ ಪಕ್ಕದಲ್ಲಿ ತೂತುಗಳಿರುವ ಇಟ್ಟಿಗೆ, ತೂತುಗಳ ಸಾಲೇ ಆಗಿರುವ ಬೀಮ್, ತೂತುಗಳನ್ನು ಬೆಸೆಯುವ ಗೂಟದಂಥ ಪಿನ್, ತೂತುಗಳ ಮೂಲಕ ಹಾಯುವ ಕಡ್ಡಿಯಂಥ ಆಕ್ಸಲ್ ಇವುಗಳಿಗೆ, ತೂತಿನಿಂದ ತೂತಿಗಿರುವ ದೂರವೂ 8 ಮಿಲಿಮೀಟರೇ.

ಬೀಮ್‌ನ ಉದ್ದವನ್ನು ತೂತುಗಳ ಎಣಿಕೆಯಿಂದ ಹೇಳುವುದು ರೂಢಿ, ಆದರೆ ಲೆಕ್ಕಕ್ಕೆ ಬೇಕಾದದ್ದು ತೂತುಗಳ ನಡುವಿನ ಅಂತರ. ಈ ಎರಡನ್ನೂ ಬೆರೆಸಿಕೊಂಡು ದಾರಿ ತಪ್ಪುವವರೇ ಹೆಚ್ಚು. ಶಿರಸಿಯ ಕಡೆಯ ಹಳೆಯ ಮನೆಗಳನ್ನು ಅಂಕಣಗಳಲ್ಲಿ ಅಳೆಯುತ್ತಿದ್ದುದನ್ನು ನೆನೆದರೆ ಈ ಗೊಂದಲ ತಾನಾಗಿ ಬಗೆಹರಿಯುತ್ತದೆ. ಏಳು ಕಂಬಗಳನ್ನು ಸಾಲಾಗಿ ನಿಲ್ಲಿಸಿದರೆ ನಡುವೆ ಆರು ಅಂಕಣಗಳು ಸಿಗುತ್ತವೆ. ಇಲ್ಲಿಂದ ಮುಂದೆ ತೂತು ಎಂದರೆ ಕಂಬ, ಅಂಕಣ ಎಂದರೆ ಎರಡು ತೂತುಗಳ ನಡುವಿನ 8 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. 7 ತೂತಿನ ಬೀಮ್ 6 ಅಂಕಣ ಉದ್ದವಾದರೆ, 9 ತೂತಿನದು 8 ಅಂಕಣ.

ಒಂದು ಕಾಲು

ಕಾಲಿನ ಗುಟ್ಟು ಇಷ್ಟೇ. ತೊಡೆ 6 ಅಂಕಣ, ಮೊಣಕಾಲಿನಿಂದ ಕೆಳಗಿನ ಕಣಕಾಲು 8 ಅಂಕಣ. ಮೊಣಕಾಲಿನಿಂದ ತೊಡೆಯ ಮೇಲೆ 4 ಅಂಕಣ ದೂರದಲ್ಲಿ ಒಂದು ತೂತನ್ನೂ ಕಣಕಾಲಿನ ಮೇಲೆ 3 ಅಂಕಣ ದೂರದಲ್ಲಿ ಇನ್ನೊಂದನ್ನೂ ಆರಿಸಿಕೊಂಡು, ಇವೆರಡರ ನಡುವೆ 7 ತೂತಿನ ಬೀಮನ್ನು ಓರೆಯಾಗಿ ಆಸರೆ ಕೊಡಬೇಕು. ಹೆಂಚಿನ ಮಾಡಿಗೆ ಬಡಗಿಗಳು ಕಂಬದಿಂದ ತೊಲೆಗೆ ಕೊಡುವ ಓರೆ ಆಸರೆಯ ಕೆಲಸವನ್ನೇ ಇದು ಮಾಡುತ್ತದೆ. ಆಸರೆಯ ಎರಡು ತುದಿಯ ತೂತುಗಳನ್ನೂ ಬಳಸಿದರೆ ತ್ರಿಕೋನದ ಬಾಹುಗಳು 4, 3 ಮತ್ತು 6 ಆಗುತ್ತವೆ, ಮೊಣಕಾಲು ಸುಮಾರು 117 ಡಿಗ್ರಿಗೆ ನಿಲ್ಲುತ್ತದೆ, ಸೊಂಟದ ಕೀಲಿನಿಂದ ಪಾದದ ಕೀಲಿಗಿರುವ ನೇರ ದೂರ ಸರಿಯಾಗಿ 12 ಅಂಕಣವಾಗುತ್ತದೆ. ಆಸರೆಯ ಕೆಳತುದಿಯ ಪಿನ್ನನ್ನು ಕಿತ್ತು, ಆಸರೆಯ ಒಂದು ತೂತು ಒಳಕ್ಕೆ ಸರಿಸಿ ಚುಚ್ಚಿದರೆ ಬಾಹುಗಳು 3, 4, 5 ಆಗಿ ಮೊಣಕಾಲು ಲಂಬಕೋನಕ್ಕೆ ಬರುತ್ತದೆ, ಅದೇ ದೂರ 10 ಅಂಕಣಕ್ಕೆ ಇಳಿಯುತ್ತದೆ. ಅಂದರೆ ಒಂದೇ ಪಿನ್ನನ್ನು ಒಂದೇ ತೂತಿನಷ್ಟು ಸರಿಸಿದಾಗ, ನಿಂತಿದ್ದ ಕಾಲು ಹೆಜ್ಜೆಯೆತ್ತಿದ ಕಾಲಾಗುತ್ತದೆ. ಎರಡು ಸ್ಥಿತಿಯಲ್ಲೂ ಅದು ಗಟ್ಟಿ, ಏಕೆಂದರೆ ಬಾಹುಗಳ ಉದ್ದ ಬದಲಾಗದ ಹೊರತು ತ್ರಿಕೋನದ ಆಕಾರ ಬದಲಾಗುವುದು ಸಾಧ್ಯವಿಲ್ಲ.

ಜೋಡಿಸುವಾಗ ಕಾಲನ್ನು ಅಕ್ಕಪಕ್ಕದ ಐದು ಪದರಗಳೆಂದು ಕಲ್ಪಿಸಿಕೊಳ್ಳಬೇಕು. ಒಂದೊಂದು ಪದರವೂ ಒಂದು ಬೀಮ್‌ನಷ್ಟು ದಪ್ಪ. ಹೊರಗಿನ ಎರಡು ಪದರಗಳಲ್ಲಿ, ಅಂದರೆ ಒಂದು ಮತ್ತು ಐದರಲ್ಲಿ, ತೊಡೆಯ 7 ತೂತಿನ ಎರಡು ಬೀಮ್‌ಗಳು. ಎರಡು ಮತ್ತು ನಾಲ್ಕನೆಯ ಪದರಗಳಲ್ಲಿ ಕಣಕಾಲಿನ 9 ತೂತಿನ ಎರಡು ಬೀಮ್‌ಗಳು. ನಟ್ಟನಡುವಿನ ಮೂರನೆಯ ಪದರದಲ್ಲಿ ಓರೆ ಆಸರೆ. ಎಡಕ್ಕೂ ಬಲಕ್ಕೂ ಒಂದೇ ರೂಪವಿರುವುದರಿಂದ ನಾಲ್ಕೂ ಕಾಲುಗಳು ಒಂದೇ ಅಚ್ಚಿನವು. ಯಾವುದನ್ನು ಯಾವ ಮೂಲೆಗೆ ಹಾಕಿದರೂ ನಡೆಯುತ್ತದೆ. ನಾಲ್ಕನೆಯ ಕಾಲು ಕಟ್ಟುವ ಹೊತ್ತಿಗೆ ಕೈಗೆ ಬೇಸರ ಬಂದಿರುತ್ತದೆ, ಆಗ ಈ ಅನುಕೂಲದ ಬೆಲೆ ಅರ್ಥವಾಗುತ್ತದೆ.

ಮೊಣಕಾಲಿಗೆ 7 ಅಂಕಣ ಉದ್ದದ ಆಕ್ಸಲ್ ಬೇಕು. ಅದು, ಮೇಲಿನಿಂದ ಎಣಿಸಿದಾಗ, ತೊಡೆಯ ಏಳನೆಯ ತೂತು ಮತ್ತು ಕಣಕಾಲಿನ ಒಂದನೆಯ ತೂತುಗಳ ಮೂಲಕ ಐದೂ ಪದರಗಳನ್ನು ದಾಟಬೇಕು. ಮೂರನೆಯ ಪದರದ ಖಾಲಿ ಜಾಗಕ್ಕೆ ಒಂದು ಬುಶ್, ಅಂದರೆ ಆಕ್ಸಲ್‌ಗೆ ತೊಡಿಸುವ ಒಂದು ಪದರದಷ್ಟು ದಪ್ಪದ ಬಳೆ; ಹೊರಗಿನ ಎರಡು ತುದಿಗಳಿಗೆ ಒಂದೊಂದು ಬುಶ್. ತೊಡೆಯ ಮೂರನೆಯ ತೂತಿನಲ್ಲಿ ಅಂಥದ್ದೇ ಇನ್ನೊಂದು ಆಕ್ಸಲ್ ಹಾಕಿ, ಅದರ ನಡುವೆ ಆಸರೆಯ ಮೇಲ್ತುದಿಯನ್ನು ಪೋಣಿಸಿ, ಎರಡು ಮತ್ತು ನಾಲ್ಕನೆಯ ಪದರಗಳಲ್ಲಿ ಬುಶ್ ತುಂಬಬೇಕು, ಹೊರತುದಿಗಳಿಗೆ ಮೊದಲಿನಂತೆಯೇ. ಆಸರೆಯ ಕೆಳತುದಿಯನ್ನು ಕಣಕಾಲಿನ ನಾಲ್ಕನೆಯ ತೂತಿಗೆ 3 ಅಂಕಣ ಉದ್ದದ ಪಿನ್ನಿನಿಂದ ಸೇರಿಸಬೇಕು. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಬರುವ ಈ ಪಿನ್ನೇ ಮೇಲೆ ಹೇಳಿದ ಸರಿಸುವ ಪಿನ್ನು. ಕಣಕಾಲಿನ ಹೊರಮೈಯಲ್ಲಿ ಅದಕ್ಕೆ ಅಡ್ಡಿಯಾಗುವಂಥದ್ದು ಯಾವುದೂ ಇಲ್ಲದಿರುವುದರಿಂದ, ಇನ್ನೊಂದು ಆಕ್ಸಲ್‌ನ ತುದಿಯಿಂದ ನೂಕಿದರೆ ಸಲೀಸಾಗಿ ಹೊರಬರುತ್ತದೆ.

ಕಾಲು ಸರಿಯಾಗಿದೆಯೇ ಎಂದು ನೋಡಲು ಅಳತೆಪಟ್ಟಿ ಬೇಕಾಗಿಲ್ಲ. 13 ತೂತಿನ ಬೀಮ್ ಒಂದನ್ನು ಪಕ್ಕದಲ್ಲಿ ಹಿಡಿಯಿರಿ. ತೊಡೆಯ ಮೇಲಿನ ತೂತು ಅದರ ಒಂದು ತುದಿಗೂ ಕಣಕಾಲಿನ ಕೆಳಗಿನ ತೂತು ಇನ್ನೊಂದು ತುದಿಗೂ ಕೂಡಬೇಕು. ಮಡಚಿದ ಕಾಲಿಗೆ ಇದೇ ಪರೀಕ್ಷೆಯನ್ನು 11 ತೂತಿನ ಬೀಮ್‌ನಿಂದ ಮಾಡಬಹುದು. ಕೂಡದಿದ್ದರೆ ಎಲ್ಲೋ ಒಂದು ತೂತು ತಪ್ಪಾಗಿ ಎಣಿಸಲ್ಪಟ್ಟಿದೆ ಎಂದೇ ಅರ್ಥ. ಬಲ ಹಾಕಿ ಕೂಡಿಸುವ ಯತ್ನ ಮಾಡಬಾರದು.

ಚೌಕಟ್ಟು

ಎಡಬಲಕ್ಕೆ ಒಂದೊಂದರಂತೆ ಎರಡು ದಂಡಿಗೆಗಳನ್ನು ಕಟ್ಟಿ ಅಡ್ಡಪಟ್ಟಿಗಳಿಂದ ಬೆಸೆಯಬೇಕು. ಪ್ರತಿ ದಂಡಿಗೆಗೂ 16 ಸ್ಟಡ್ ಉದ್ದದ ತೂತಿನ ಇಟ್ಟಿಗೆ ಎರಡು ಬೇಕು. ಈ ಇಟ್ಟಿಗೆಯಲ್ಲಿ ತೂತುಗಳು ಸ್ಟಡ್‌ಗಳ ನಡುವೆ ಬರುವುದರಿಂದ ಒಟ್ಟು 15 ತೂತುಗಳಿರುತ್ತವೆ. ಇವನ್ನು ಮುಂಭಾಗದಿಂದ ಎಣಿಸಬೇಕು. ಕೆಳಗೊಂದು ಇಟ್ಟಿಗೆ, ಮೇಲೊಂದು ಇಟ್ಟಿಗೆ, ನಡುವೆ ಎರಡು ಪ್ಲೇಟುಗಳ ಎತ್ತರ. ಹೀಗೆ ಜೋಡಿಸಿದಾಗ ಕೆಳಗಿನ ಮತ್ತು ಮೇಲಿನ ಇಟ್ಟಿಗೆಗಳ ತೂತುಗಳ ನಡುವೆ ಐದು ಪ್ಲೇಟುಗಳ ಎತ್ತರ, ಅಂದರೆ ಸರಿಯಾಗಿ ಎರಡು ಅಂಕಣ, ಬರುತ್ತದೆ. ಆ ಕಾರಣದಿಂದ 3 ತೂತಿನ ಬೀಮನ್ನು ಹೊರಮೈಯಲ್ಲಿ ನೆಟ್ಟಗೆ ನಿಲ್ಲಿಸಿ ಮೇಲೂ ಕೆಳಗೂ ಪಿನ್ ಹೊಡೆದರೆ ಎರಡು ಇಟ್ಟಿಗೆಗಳೂ ಬೀಗ ಹಾಕಿದಂತೆ ಬಿಗಿಯುತ್ತವೆ. ಆರನೆಯ ಮತ್ತು ಹತ್ತನೆಯ ತೂತುಗಳಲ್ಲಿ ಇಂಥ ಒಂದೊಂದು ಬೀಗ ಸಾಕು. ಇದನ್ನು ಬಿಟ್ಟರೆ ಚೌಕಟ್ಟು ಸ್ಟಡ್‌ಗಳ ಹಿಡಿತದ ಮೇಲಷ್ಟೇ ನಿಲ್ಲುತ್ತದೆ, ಮಾದರಿಯನ್ನು ಮೇಲಿನಿಂದ ಹಿಡಿದೆತ್ತಿದ ಮೊದಲ ಸಲವೇ ಕಾಲುಗಳು ಮೇಜಿನ ಮೇಲುಳಿದು ಒಡಲು ಕೈಗೆ ಬರುತ್ತದೆ.

ನಡುವಿನ ಎರಡು ಪ್ಲೇಟುಗಳ ಎತ್ತರದ ಜಾಗದಲ್ಲೇ ಅಡ್ಡಪಟ್ಟಿಗಳು ಹೋಗಬೇಕು. 2×14 ಅಳತೆಯ ಪ್ಲೇಟುಗಳನ್ನು ಎರಡೆರಡರಂತೆ ಒಂದರ ಮೇಲೊಂದು ಇಟ್ಟು ಮುಂದೆ, ನಡುವೆ, ಹಿಂದೆ ಹೀಗೆ ಮೂರು ಕಡೆ ಎರಡೂ ದಂಡಿಗೆಗಳಿಗೆ ಅಡ್ಡಲಾಗಿ ಹಾಕಿ, ಉಳಿದ ಸಂದುಗಳಿಗೆ 1×4 ಪ್ಲೇಟುಗಳನ್ನು ತುಂಬಿದರೆ ಚೌಕಟ್ಟು ಮುಗಿಯಿತು. ಒಂದು ಸ್ಟಡ್‌ನಷ್ಟು ಖಾಲಿ ಜಾಗ ಅಲ್ಲಲ್ಲಿ ಉಳಿಯುತ್ತದೆ, ಅದರಿಂದ ತೊಂದರೆಯಿಲ್ಲ.

ಸೊಂಟ

ದಂಡಿಗೆಯ ಕೆಳಗಿನ ಇಟ್ಟಿಗೆಯು ಕಾಲಿನ ಐದು ಪದರಗಳ ಪೈಕಿ ಮೂರನೆಯದರ ಜಾಗಕ್ಕೆ ಬರುವಂತೆ ಕಾಲನ್ನು ತೂಗುಹಾಕಬೇಕು, ಅಂದರೆ ತೊಡೆಯ ಒಂದು ಬೀಮ್ ಹೊರಗೂ ಇನ್ನೊಂದು ಒಳಗೂ ಇರುತ್ತದೆ. ಮುಂಗಾಲಿನ ಸೊಂಟ ಒಂದನೆಯ ತೂತಿನಲ್ಲಿ, ಹಿಂಗಾಲಿನದು ಹನ್ನೆರಡನೆಯ ತೂತಿನಲ್ಲಿ. 7 ಅಂಕಣದ ಆಕ್ಸಲ್, ಎರಡು ಮತ್ತು ನಾಲ್ಕನೆಯ ಪದರಗಳಿಗೆ ಬುಶ್, ಹೊರತುದಿಗಳಿಗೆ ಬುಶ್.

ಹೀಗೆ ತೂಗುಹಾಕಿದ ತೊಡೆ ಇನ್ನೂ ಉಯ್ಯಾಲೆಯಂತೆ ಓಲಾಡುತ್ತದೆ. ಅದನ್ನು ಹಿಡಿಯಲು ಮತ್ತೊಮ್ಮೆ 3, 4, 5ರ ಮೊರೆ ಹೋಗಬೇಕು. ಸೊಂಟದ ತೂತಿನಿಂದ ಹಿಂದಕ್ಕೆ 3 ಅಂಕಣ ದೂರದ ತೂತಿಗೆ, ಅಂದರೆ ಮುಂಗಾಲಿಗಾದರೆ ನಾಲ್ಕನೆಯ ಹಿಂಗಾಲಿಗಾದರೆ ಹದಿನೈದನೆಯ ತೂತಿಗೆ, 5 ತೂತಿನ ಎರಡು ಬೀಮ್‌ಗಳನ್ನು ದಂಡಿಗೆಯ ಎರಡೂ ಬದಿಗೆ ಇಟ್ಟು 3 ಅಂಕಣದ ಪಿನ್ನಿನಿಂದ ಸೇರಿಸಿ ನೆಟ್ಟಗೆ ಕೆಳಕ್ಕೆ ಇಳಿಬಿಡಬೇಕು. ಅವುಗಳ ಕೆಳತುದಿ ತೊಡೆಯ ಆರನೆಯ ತೂತಿಗೆ ತಾನಾಗಿ ಕೂಡುತ್ತದೆ. ಅಲ್ಲಿ 7 ಅಂಕಣದ ಆಕ್ಸಲ್ ತೂರಿಸಿ, ನಡುವಿನ ಪದರಕ್ಕೂ ಹೊರತುದಿಗಳಿಗೂ ಬುಶ್ ಹಾಕಬೇಕು. ದಂಡಿಗೆಯ ಮೇಲೆ 3, ಇಳಿಬಿದ್ದ ಬೀಮ್ 4, ತೊಡೆಯ ಉದ್ದಕ್ಕೆ 5. ತೊಡೆ ಹಿಂದಕ್ಕೆ ವಾಲಿ ಅಲ್ಲೇ ನಿಂತುಬಿಡುತ್ತದೆ. ಪಾದ ಸೊಂಟದ ನೇರ ಕೆಳಗೆ ಬರಬೇಕೆಂದರೆ ತೊಡೆ ಲಂಬದಿಂದ 36.3 ಡಿಗ್ರಿ ವಾಲಬೇಕು, ಈ ತ್ರಿಕೋನ ಕೊಡುವುದು 36.9 ಡಿಗ್ರಿ. ಪಾದದ ಬಳಿ ಈ ವ್ಯತ್ಯಾಸ ಒಂದು ಮಿಲಿಮೀಟರಿನ ಒಳಗೇ ಇರುತ್ತದೆ, ಕಣ್ಣಿಗಾಗಲಿ ಸಮತೋಲಕ್ಕಾಗಲಿ ತಿಳಿಯುವುದಿಲ್ಲ.

ಮೊಣಕಾಲು ಹಿಂದಕ್ಕೆ ಮುರಿದಂತೆ ಕಾಣುತ್ತದಲ್ಲವೇ ಎಂದು ಕೆಲವರು ಕೇಳಬಹುದು. ಕಾಳಿ ನದಿಯ ಅಳಿವೆಯಲ್ಲಿ ಮೀನಿಗೆ ಹೊಂಚುಹಾಕುವ ಬೆಳ್ಳಕ್ಕಿಯ ಕಾಲೂ ಹಾಗೆಯೇ ಕಾಣುತ್ತದೆ. ಹಿಂದಕ್ಕೆ ಬಾಗಿದ ಆ ಕೀಲು ನಿಜವಾಗಿ ಅದರ ಮೊಣಕಾಲಲ್ಲ, ನಮ್ಮ ಪಾದದ ಗಂಟಿಗೆ ಸಮನಾದ ಕೀಲು; ಹಕ್ಕಿಯ ಮೊಣಕಾಲು ಗರಿಗಳ ಒಳಗೆ ಅಡಗಿರುತ್ತದೆ. ಕಥೆಯ ವಾಹನಕ್ಕೆ ಈ ಬಾಗು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಚೌಕಟ್ಟನ್ನೇ ಹಿಂದುಮುಂದಾಗಿ ತಿರುಗಿಸಿ ತಲೆಯನ್ನು ಇನ್ನೊಂದು ತುದಿಗೆ ಕಟ್ಟಬಹುದು, ಆದರೆ ಹಾಗೆ ಮಾಡಿದರೆ ಎತ್ತಿದ ಕಾಲು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋಗುತ್ತದೆ, ಮುಂದೆ ಹೇಳಲಿರುವ ತೂಕದ ಲೆಕ್ಕವೂ ತಿರುವುಮುರುವಾಗುತ್ತದೆ.

ಪಾದಕ್ಕೆ 6×6 ಪ್ಲೇಟ್ ಸಾಕು. ಆರು ಸ್ಟಡ್‌ಗಳ ಅಗಲಕ್ಕೆ ನಟ್ಟನಡುವೆ ಸ್ಟಡ್ ಇರುವುದಿಲ್ಲವಾದ್ದರಿಂದ, ಎರಡು ಸ್ಟಡ್ ಅಗಲದಲ್ಲಿ ಒಂದೇ ಸ್ಟಡ್ ಇರುವ ಜಂಪರ್ ಪ್ಲೇಟ್ ಎರಡನ್ನು ಅಡ್ಡಲಾಗಿ ನಡುವೆ ಕೂಡಿಸಿ, ಅವುಗಳ ಮೇಲೆ ಒಂದು ತೂತಿನ 1×2 ಇಟ್ಟಿಗೆಯನ್ನು ಉದ್ದಕ್ಕೆ ಇಡಬೇಕು. ಕಣಕಾಲಿನ ಎರಡು ಬೀಮ್‌ಗಳ ಕೆಳತುದಿಗಳು ಈ ಇಟ್ಟಿಗೆಯನ್ನು ಎರಡೂ ಬದಿಯಿಂದ ತಬ್ಬುತ್ತವೆ. 3 ಅಂಕಣದ ಪಿನ್ ಮೂರನ್ನೂ ದಾಟುತ್ತದೆ. ಪಿನ್ನಿನ ಬಿಗಿಯನ್ನು ನಂಬಬಾರದು ಎಂದು ಆರಂಭದಲ್ಲಿ ಹೇಳಿದ ನಾನೇ ಇಲ್ಲಿ ಅದನ್ನು ನಂಬುತ್ತಿದ್ದೇನೆ, ಏಕೆಂದರೆ ಈ ಕೀಲಿನ ಮೇಲೆ ಒಡಲಿನ ಭಾರ ತಿರುಚುವುದಿಲ್ಲ. ನಿಂತ ಪಾದವನ್ನು ಮೇಜೇ ಸಮವಾಗಿಡುತ್ತದೆ, ಎತ್ತಿದ ಪಾದ ತನ್ನ ತೂಕವನ್ನಷ್ಟೇ ಹೊರಬೇಕು.

ಭಾಗಗಳ ಲೆಕ್ಕ

ತರಿಸುವವರ ಅನುಕೂಲಕ್ಕೆ ಒಟ್ಟು ಎಣಿಕೆ ಹೀಗಿದೆ. 7 ತೂತಿನ ಬೀಮ್ 12, 9 ತೂತಿನದು 8, 5 ತೂತಿನದು 8, 3 ತೂತಿನದು 4. 7 ಅಂಕಣದ ಆಕ್ಸಲ್ 16, ಬುಶ್ 56, 3 ಅಂಕಣದ ಪಿನ್ 12, ಬೀಗಗಳಿಗೆ 2 ಅಂಕಣದ ಬಿಗಿ ಪಿನ್ 8. 16 ಸ್ಟಡ್‌ನ ತೂತಿನ ಇಟ್ಟಿಗೆ 4, ಒಂದು ತೂತಿನ 1×2 ಇಟ್ಟಿಗೆ 4, ಜಂಪರ್ 8, 6×6 ಪ್ಲೇಟ್ 4, 2×14 ಪ್ಲೇಟ್ 6, 1×4 ಪ್ಲೇಟ್ 8. ಬಿಡಿ ಭಾಗಗಳು ಕಾರವಾರದ ಅಂಗಡಿಗಳಲ್ಲಾಗಲಿ ಶಿರಸಿಯ ಪೇಟೆಯಲ್ಲಾಗಲಿ ನನಗೆ ಸಿಕ್ಕಿದ್ದಿಲ್ಲ, ಅಂಚೆಯಲ್ಲಿ ತರಿಸಿಕೊಂಡೆ. ತರಿಸುವ ಮೊದಲು ಬ್ರಿಕ್‌ಲಿಂಕ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಕಾಲನ್ನಾದರೂ ಕಟ್ಟಿ ನೋಡುವುದು ಒಳ್ಳೆಯದು. ಬುಶ್‌ಗಳನ್ನು ಮಾತ್ರ ಹತ್ತು ಹೆಚ್ಚಿಗೆ ತರಿಸಿಕೊಳ್ಳಿ. ಅವು ಕೈಜಾರಿದರೆ ಮಂಚದ ಕೆಳಗೆ ಹೋಗದೆ ಬೇರೆಲ್ಲೂ ಹೋಗುವುದಿಲ್ಲ.

ತೂಕ ಮತ್ತು ಹೆಜ್ಜೆ

ನಾಲ್ಕೂ ಕಾಲುಗಳ ಮೇಲೆ ನಿಂತ ವಾಹನ ಬೀಳುವುದಿಲ್ಲ. ಆದರೆ ನಾಲ್ಕೂ ಕಾಲೂರಿ ನಿಂತದ್ದು ಮೇಜಿನಂತೆ ಕಾಣುತ್ತದೆ, ವಾಹನದಂತೆ ಕಾಣುವುದಿಲ್ಲ. ನಡೆಯುತ್ತಿದೆ ಎನಿಸಬೇಕಾದರೆ ಒಂದು ಕಾಲನ್ನು ಎತ್ತಲೇಬೇಕು, ಎತ್ತಿದ ಕ್ಷಣ ಸಮಸ್ಯೆ ಹುಟ್ಟುತ್ತದೆ. ನಾಲ್ಕು ಪಾದಗಳ ಆಯತದಲ್ಲಿ ಒಂದನ್ನು ಕಳೆದರೆ ಉಳಿಯುವುದು ತ್ರಿಕೋನ. ಭಾರದ ಕೇಂದ್ರ ಆಯತದ ಸರಿಯಾದ ನಡುವಿನಲ್ಲಿದ್ದರೆ ಅದು ಆ ತ್ರಿಕೋನದ ಅಂಚಿನ ಗೆರೆಯ ಮೇಲೆಯೇ ಬೀಳುತ್ತದೆ, ಬಾಗಿಲು ಜೋರಾಗಿ ಹಾಕಿದರೂ ಮಾದರಿ ಮಗುಚುತ್ತದೆ. ಮುಂಗಾಲು ಎತ್ತುವುದಾದರೆ ಭಾರದ ಕೇಂದ್ರ ಹಿಂದಕ್ಕೆ ಸರಿದಿರಬೇಕು, ಹಿಂಗಾಲು ಎತ್ತುವುದಾದರೆ ಮುಂದಕ್ಕೆ.

ನಮ್ಮ ಚೌಕಟ್ಟಿನಲ್ಲಿ ಸೊಂಟಗಳು ಒಂದನೆಯ ಮತ್ತು ಹನ್ನೆರಡನೆಯ ತೂತುಗಳಲ್ಲಿವೆ, ದಂಡಿಗೆಯ ನಡು ಎಂಟನೆಯ ತೂತಿನಲ್ಲಿದೆ. ಹಾಗಾಗಿ ಪಾದಗಳ ನಡುಬಿಂದುವಿಗಿಂತ ಒಂದೂವರೆ ಅಂಕಣ, ಅಂದರೆ 12 ಮಿಲಿಮೀಟರ್, ಹಿಂದಕ್ಕೆ ಚೌಕಟ್ಟಿನ ಭಾರ ಬೀಳುತ್ತದೆ. ಇದು ಬೇಕೆಂದೇ ಮಾಡಿದ್ದು. ಮುಂಗಾಲೊಂದನ್ನು ಎತ್ತಿದಾಗ ಭಾರದ ಕೇಂದ್ರವು ತ್ರಿಕೋನದ ಅಂಚಿನಿಂದ ಸುಮಾರು 9 ಮಿಲಿಮೀಟರ್ ಒಳಗೆ ಉಳಿಯುತ್ತದೆ. ಸಣ್ಣ ಅಂತರವೇ, ಆದರೆ ಸಾಕಾಗುತ್ತದೆ, ಒಡಲನ್ನು ಕಟ್ಟುವಾಗ ನಾವೇ ಅದನ್ನು ಕೆಡಿಸದಿದ್ದರೆ.

ಕೆಡಿಸುವುದು ತಲೆಯೇ. ಮುಂದಕ್ಕೆ ಚಾಚಿದ ಚಾಲಕನ ಕೋಣೆ, ಅದರ ಮುಂದೆ ಇನ್ನೆರಡು ತೋಪಿನ ನಳಿಗೆಗಳು ಎಂದು ಸೇರಿಸುತ್ತ ಹೋದಂತೆ ಭಾರ ಮುಂದಕ್ಕೆ ಜಾರುತ್ತದೆ. ಇದಕ್ಕೆ ಮದ್ದು ಹತ್ತು ರೂಪಾಯಿಯ ನಾಣ್ಯ. ಎರಡು ಲೋಹಗಳ ಆ ನಾಣ್ಯ 7.71 ಗ್ರಾಂ ತೂಗುತ್ತದೆ, 27 ಮಿಲಿಮೀಟರ್ ಅಗಲವಿದೆ. ಒಳಗೆ ನಾಲ್ಕು ಸ್ಟಡ್ ಉದ್ದಗಲ ಮತ್ತು ಎರಡು ಇಟ್ಟಿಗೆ ಎತ್ತರದ ಪೆಟ್ಟಿಗೆಯಲ್ಲಿ ಎಂಟು ನಾಣ್ಯಗಳು ಕೂರುತ್ತವೆ, ಸುಮಾರು 62 ಗ್ರಾಂ. 2×4ರ ಒಂದು ಇಟ್ಟಿಗೆ ಎರಡು ಗ್ರಾಂಗಿಂತ ತುಸುವೇ ಹೆಚ್ಚು ತೂಗುತ್ತದೆ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಎದುರುತೂಕವೆಂದು ತಿಳಿಯುತ್ತದೆ. ಪೆಟ್ಟಿಗೆಯನ್ನು ಚೌಕಟ್ಟಿನ ಹಿಂತುದಿಯ ಮೇಲೆ, ಹಿಂಗಾಲುಗಳ ಸೊಂಟಕ್ಕೆ ಸಮೀಪವಾಗಿ ಇಡಬೇಕು. ಒಡಲು ಪೂರ್ತಿಯಾದ ಮೇಲೆ ಕಾಲುಗಳಿಲ್ಲದೆ ಅದನ್ನು ಒಂದು ಪೆನ್ಸಿಲಿನ ಮೇಲೆ ಅಡ್ಡಲಾಗಿ ತೂಗಿ ನೋಡಿ, ಎಂಟನೆಯ ತೂತಿನ ಆಸುಪಾಸಿನಲ್ಲಿ ತಕ್ಕಡಿಯಂತೆ ನಿಲ್ಲುವ ತನಕ ನಾಣ್ಯಗಳನ್ನು ಸೇರಿಸಿ ಇಲ್ಲವೆ ತೆಗೆಯಿರಿ.

ಈಗ ಎಡ ಮುಂಗಾಲಿನ ಆಸರೆಯ ಪಿನ್ನನ್ನು ಒಂದು ತೂತು ಸರಿಸಿ. ಸೊಂಟದ ತ್ರಿಕೋನ ಅಲ್ಲಾಡದೆ ಇರುವುದರಿಂದ ಮೊಣಕಾಲಷ್ಟೇ ಮಡಚಿ, ಪಾದ 19 ಮಿಲಿಮೀಟರ್ ಮೇಲಕ್ಕೂ 23 ಮಿಲಿಮೀಟರ್ ಮುಂದಕ್ಕೂ ಹೋಗುತ್ತದೆ. ಎತ್ತಿದ ಪಾದದ ತುದಿಯನ್ನು ತುಸು ಕೆಳಕ್ಕೆ ಬಾಗಿಸಿದರೆ ಹೆಜ್ಜೆ ಇನ್ನೂ ಸಹಜವಾಗಿ ಕಾಣುತ್ತದೆ. ಯಾವ ಕಾಲಿನ ನಂತರ ಯಾವ ಕಾಲು ಎಂಬ ಅನುಮಾನ ಬಂದರೆ ಶಿರಸಿಯ ರಸ್ತೆಗಳಲ್ಲಿ ನಿಧಾನವಾಗಿ ದಾಟುವ ಹಸುವನ್ನು ನೋಡಬೇಕು. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮದಲ್ಲಿ ಅದರ ಹೆಜ್ಜೆಗಳು ಬೀಳುತ್ತವೆ. ಎಡ ಮುಂಗಾಲು ಗಾಳಿಯಲ್ಲಿರುವಾಗ ಎಡ ಹಿಂಗಾಲು ಆಗಷ್ಟೇ ಮುಂದಕ್ಕೆ ಬಂದು ಊರಿರುತ್ತದೆ. ನಮ್ಮ ಮಾದರಿಯಲ್ಲಿ ನಿಂತ ಕಾಲುಗಳೆಲ್ಲ ಒಂದೇ ಭಂಗಿಯಲ್ಲಿರುವುದರಿಂದ ಅಷ್ಟು ಸೂಕ್ಷ್ಮವನ್ನು ತೋರಿಸಲಾಗುವುದಿಲ್ಲ, ಇದು ಗಟ್ಟಿತನಕ್ಕೆ ತೆತ್ತ ಬೆಲೆ.

ಒಡಲು

ಚೌಕಟ್ಟಿನ ಮೇಲೆ ಸ್ಟಡ್‌ಗಳಿರುವುದರಿಂದ ಒಡಲನ್ನು ಮಾಮೂಲಿ ಇಟ್ಟಿಗೆಗಳಿಂದ ಯಾರ ಇಷ್ಟದಂತೆಯೂ ಕಟ್ಟಬಹುದು. ಇದಕ್ಕೆ ನಾನು ಕ್ರಮ ಹೇಳುವುದಿಲ್ಲ. ಮೇಲ್ಮೈಯ ವಿವರಗಳನ್ನು ಎಲ್ಲಿಂದ ಕಲಿಯಬೇಕೆಂದು ಕೇಳಿದರೆ ಮಾತ್ರ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ತೋರಿಸುತ್ತೇನೆ. ಅದರ ನಾಲ್ಕು ಕ್ಷಿಪಣಿ ಪೆಟ್ಟಿಗೆಗಳು, ಏಣಿ, ಕಟಕಟೆ, ಮುಚ್ಚಳಗಳನ್ನು ನೋಡಿದರೆ ಯುದ್ಧಯಂತ್ರದ ಮೈಮೇಲೆ ಅಲಂಕಾರಕ್ಕೆಂದು ಏನೂ ಇರುವುದಿಲ್ಲ, ಪ್ರತಿ ಉಬ್ಬಿಗೂ ಒಂದು ಕೆಲಸವಿರುತ್ತದೆ ಎಂಬುದು ಮನಸ್ಸಿಗೆ ಬರುತ್ತದೆ. ನನ್ನ ವಾಹನದ ಬೆನ್ನಿನ ಮೇಲಿನ ಎರಡು ಓರೆ ಪೆಟ್ಟಿಗೆಗಳು ಅಲ್ಲಿಂದಲೇ ಬಂದವು. ಬಣ್ಣಕ್ಕೆ ಬೂದು ಎಲ್ಲರೂ ಬಳಸುವುದು. ಚಿರೆಕಲ್ಲಿನ ಕೆಂಪುಗಂದು ಮತ್ತು ಮರಳಿನ ತಿಳಿಗಂದು ನಮ್ಮ ಕರಾವಳಿಯಲ್ಲಿ ನಡೆಯುವ ವಾಹನಕ್ಕೆ ಹೆಚ್ಚು ಹೊಂದುತ್ತವೆ. ಒಳಗನ್ನು ಟೊಳ್ಳಾಗಿಯೇ ಬಿಡಿ. ಒಳಗೆ ಕೂರಿಸುವ ಸುಮಾರು 4 ಸೆಂಟಿಮೀಟರಿನ ಪುಟ್ಟ ಗೊಂಬೆಯನ್ನು ಅಳತೆಗೆ ಇಟ್ಟುಕೊಂಡರೆ ಬಾಗಿಲು, ಕಿಟಕಿಗಳ ಗಾತ್ರ ತಪ್ಪುವುದಿಲ್ಲ.

ಮೋಟಾರಿನ ಆಸೆ

ಇದನ್ನು ಮೋಟಾರಿನಿಂದ ನಡೆಸಬಹುದೇ ಎಂದು ನೋಡಿದವರೆಲ್ಲ ಕೇಳುತ್ತಾರೆ. ಈ ಕಾಲನ್ನು ಆಗುವುದಿಲ್ಲ. ನಿಲ್ಲಲು ಕಟ್ಟಿದ ತ್ರಿಕೋನ ನಡೆಯಲಾರದು. ಲೆಗೊ ಕಂಪನಿಯೇ 2007ರಲ್ಲಿ ಮೋಟಾರಿನಿಂದ ನಡೆಯುವ ನಾಲ್ಕು ಕಾಲಿನ ಮಾದರಿಯೊಂದನ್ನು ಹೊರತಂದಿತ್ತು. ಅಂಥದ್ದನ್ನು ಸ್ವಂತವಾಗಿ ಯೋಚಿಸುವವರು ರಷ್ಯಾದ ಗಣಿತಜ್ಞ ಚೆಬಿಷೆವ್ ಅವರ ಸರಳು ಜೋಡಣೆಯಿಂದ ಆರಂಭಿಸಬಹುದು. ಅದೇ ತತ್ವದ ಅವರ ನಡೆಯುವ ಯಂತ್ರ 1878ರ ಪ್ಯಾರಿಸ್ ಪ್ರದರ್ಶನದಲ್ಲಿತ್ತು. ತಿರುಗುವ ತೋಳು 2 ಅಂಕಣ, ಎರಡು ಸ್ಥಿರ ಬಿಂದುಗಳ ನಡುವೆ 4, ತೂಗುವ ತೋಳು 5, ಇವೆರಡನ್ನೂ ಸೇರಿಸುವ ಉದ್ದ ತೋಳು 10 ಅಂಕಣ, ಅದರ ನಟ್ಟನಡುವಿನ ತೂತಿಗೆ ತೂಗುವ ತೋಳಿನ ತುದಿ. ಅಂದರೆ ಉದ್ದ ತೋಳಿಗೆ 11 ತೂತಿನ ಬೀಮ್ ಅಳತೆಗೆ ಸರಿಯಾಗಿ ಸಿಗುತ್ತದೆ. ಇದರ ತುದಿ ಅರ್ಧ ಸುತ್ತಿನ ಕಾಲ 8 ಅಂಕಣ ದೂರ ಬಹುಮಟ್ಟಿಗೆ ನೇರ ಗೆರೆಯಲ್ಲಿ ಸಾಗಿ, ಉಳಿದರ್ಧದಲ್ಲಿ ಕಮಾನಿನಂತೆ ಹಿಂದಿರುಗುತ್ತದೆ. ತೊಡಕೆಂದರೆ ಕಮಾನು ಸ್ಥಿರ ಬಿಂದುಗಳಿಂದ ಆಚೆಗೆ ಉಬ್ಬುತ್ತದೆ. ಆದ್ದರಿಂದ ಜೋಡಣೆಯನ್ನು ತುದಿ ಮೇಲೆ ಬರುವಂತೆ ನಿಲ್ಲಿಸಿ, ಕಾಲನ್ನು ಆ ತುದಿಯಿಂದ ಕೆಳಕ್ಕೆ, ವಾಲದಂತೆ ಹಿಡಿದು, ತೂಗುಹಾಕಬೇಕಾಗುತ್ತದೆ. ಅದು ಬೇರೆಯೇ ಯಂತ್ರ. ನಿಲ್ಲುವುದನ್ನು ಕಟ್ಟಿ ಮುಗಿಸಿದ ಮೇಲೆ ಅದಕ್ಕೆ ಕೈಹಾಕುವುದು ಲೇಸು.

ಇಡುವುದು, ತೊಳೆಯುವುದು, ಒಯ್ಯುವುದು

ಕಡಲಿನ ಉಪ್ಪುಗಾಳಿ ಪ್ಲಾಸ್ಟಿಕ್ಕಿಗೆ ಏನೂ ಮಾಡುವುದಿಲ್ಲ, ಬಿಸಿಲು ಮಾಡುತ್ತದೆ. ಪಶ್ಚಿಮದ ಕಿಟಕಿಯ ಬಳಿ ಇಟ್ಟರೆ ಬಿಳಿ ಮತ್ತು ತಿಳಿಬೂದು ಭಾಗಗಳು ಕ್ರಮೇಣ ಹಳದಿಗಟ್ಟುತ್ತವೆ. ಕಡಲತೀರದಲ್ಲಿ ಚಿತ್ರ ತೆಗೆಯಲು ಒಯ್ದವರು ಪಿನ್ನುಗಳನ್ನು ಅಲ್ಲೇ ಸರಿಸಬಾರದು. ತೂತಿನೊಳಗೆ ಹೊಕ್ಕ ಮರಳಿನ ಕಣ ಪಿನ್ನಿನ ಮೈಯನ್ನು ಗೀರುತ್ತದೆ. ಎತ್ತಬೇಕಾದ ಕಾಲನ್ನು ಮನೆಯಲ್ಲೇ ಎತ್ತಿಕೊಂಡು ಹೋಗಬೇಕು, ಮರಳಿನ ಮೇಲೆ ಪಾದಗಳ ಕೆಳಗೆ ತೆಳುವಾದ ಹಲಗೆಯೊಂದನ್ನು ಹುಗಿದಿಡಬೇಕು. ತೊಳೆಯುವ ನೀರು 40 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿರಬಾರದು. ಮಳೆಗಾಲದಲ್ಲಿ ಶಿರಸಿಯಲ್ಲಿ ತೊಳೆದ ಬೀಮ್‌ಗಳ ತೂತುಗಳಲ್ಲಿ ಎರಡು ದಿನಗಳಾದರೂ ತೇವ ಉಳಿಯುತ್ತದೆ, ಆದ್ದರಿಂದ ಆ ಕೆಲಸವನ್ನು ದೀಪಾವಳಿಯ ಆಚೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಒಯ್ಯುವಂಥ ಪ್ರಯಾಣವಿದ್ದರೆ ಮೊದಲು ನಾಣ್ಯದ ಪೆಟ್ಟಿಗೆಯನ್ನು ಕಳಚಿ ಜೇಬಿಗೆ ಹಾಕಿಕೊಳ್ಳಿ, ಆಮೇಲೆ ಸೊಂಟದ ಆಕ್ಸಲ್‌ಗಳನ್ನೂ ಇಳಿಬಿದ್ದ ಬೀಮ್‌ಗಳ ಮೇಲಿನ ಪಿನ್ನುಗಳನ್ನೂ ತೆಗೆದು ನಾಲ್ಕು ಕಾಲುಗಳನ್ನು ಇಡಿಯಾಗಿಯೇ ಬಿಡಿಸಿ, ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಮಲಗಿಸಿ, ಅವುಗಳ ಮೇಲೆ ಒಡಲನ್ನು ಮಗುಚಿ ಇಡಿ. ತಲುಪಿದ ಮೇಲೆ ಮತ್ತೆ ನಿಲ್ಲಿಸಲು ಹತ್ತು ನಿಮಿಷ ಸಾಕು.